‘ಅದನ್ನೆಲ್ಲ ತಲೆಗೆ ಹಚ್ಕೋಬೇಡ’: ಕೌನ್ಸೆಲಿಂಗ್ ಕೋಣೆಯಲ್ಲಿ ಜಾತಿಯ ಮಾತೆತ್ತಿದರೆ ಏನಾಗುತ್ತದೆ?

ನಮ್ಮ ಮನೆಗೆ ‘ಕೌನ್ಸೆಲಿಂಗ್’ ಎಂಬ ಪದ ಬಂದದ್ದು 2008ರಲ್ಲಿ. ಆಗ ಅದಕ್ಕಿದ್ದದ್ದು ಒಂದೇ ಅರ್ಥ. ಸಿಇಟಿ ರ‍್ಯಾಂಕ್ ಹಿಡಿದುಕೊಂಡು ಮಲ್ಲೇಶ್ವರಂಗೆ ಹೋಗಿ ಎಂಜಿನಿಯರಿಂಗ್ ಸೀಟು ಆರಿಸಿಕೊಳ್ಳುವುದು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ ಅಪ್ಪ ಅವತ್ತು ಕೆಲಸ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು ನನ್ನ ಜೊತೆ ಬಂದಿದ್ದರು. ಸೀಟು ಸಿಕ್ಕಿತು. ಯಾರ್ಡಿನಲ್ಲಿ ಲಡ್ಡು ಹಂಚಿದರು.

ಆ ಪದದ ಎರಡನೇ ಅರ್ಥ ಗೊತ್ತಾಗಿದ್ದು ಮೂರ‍್ನಾಲ್ಕು ತಿಂಗಳಾದ ಮೇಲೆ. ಶುಲ್ಕ ವಿನಾಯಿತಿಯ ಪಟ್ಟಿಯನ್ನು ಕಾಲೇಜಿನವರು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಹೆಸರಿನ ಮುಂದೆ ಕೆಟಗರಿ. ಯಾರೋ ಅದನ್ನು ಗಟ್ಟಿಯಾಗಿ ಓದಿದರು, ಯಾರೋ ನಕ್ಕರು. ಅವತ್ತಿಂದ ಲ್ಯಾಬಿನಲ್ಲಿ ನಾನು ಮತ್ತು ರಾಯಚೂರು ಕಡೆಯ ನನ್ನ ಬೆಂಚಿನ ಗೆಳೆಯ ‘ಗೌರ್ಮೆಂಟ್ ಅಳಿಯಂದಿರು’. ನನಗೆ ನಿದ್ದೆ ಹೋಯಿತು. ವೈವಾ ಅಂದರೆ ಕೈ ನಡುಗುತ್ತಿತ್ತು. ಯಾರೋ ಹೇಳಿದರು ಅಂತ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದೆ. ಅವರು ಒಳ್ಳೆಯವರೇ, ನೀರು ಕೊಟ್ಟು ಕೂರಿಸಿ ಮಾತಾಡಿಸಿದರು. ಪೂರ್ತಿ ಕೇಳಿ ಕೊನೆಗೆ ಹೇಳಿದ್ದು ಇಷ್ಟು: “ಅದನ್ನೆಲ್ಲ ತಲೆಗೆ ಹಚ್ಕೋಬೇಡ. ಇಲ್ಲಿ ಯಾರೂ ಜಾತಿ ನೋಡಲ್ಲ. ನಿನಗೆ ಸ್ವಲ್ಪ ಕಾನ್ಫಿಡೆನ್ಸ್ ಕಮ್ಮಿ. ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡು.”

ಗೆಳೆಯನೂ ಅದೇ ಕೋಣೆಗೆ ಎರಡು ಸಲ ಹೋಗಿ ಬಂದ. ಮೂರನೇ ಸೆಮಿಸ್ಟರಿನಲ್ಲಿ ದಸರಾ ರಜೆಗೆ ಊರಿಗೆ ಹೋದವನು ಮತ್ತೆ ಕಾಲೇಜಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನು ‘ಡಿಸ್‌ಕಂಟಿನ್ಯೂಡ್’.

ಆ ಕೋಣೆಯಲ್ಲಿ ಏನು ತಪ್ಪಾಯಿತು ಎಂಬುದಕ್ಕೆ ಜಗತ್ತಿನ ಬೇರೆ ಕಡೆ ಐವತ್ತು ವರ್ಷಕ್ಕೂ ಹಿಂದೆಯೇ ಹೆಸರಿಟ್ಟಿದ್ದಾರೆ, ಅದಕ್ಕೆ ಪರಿಹಾರದ ಪದ್ಧತಿಗಳನ್ನೂ ಕಟ್ಟಿದ್ದಾರೆ ಅನ್ನೋದು ನನಗೆ ತಿಳಿದದ್ದು ಕೋಡಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಮೇಲೆ. ಆಗ ಬೇಕಿದ್ದು ಸಿಗದ ಮಾಹಿತಿಯನ್ನು ಒಂದೇ ಕಡೆ ಇಡುವ ಪ್ರಯತ್ನ ಈ ಬರಹ.

ಇದಕ್ಕೆ ಏನಂತಾರೆ?

ಸರ್ಕಾರಿ ಕನ್ನಡದಲ್ಲಿ ಕೌನ್ಸೆಲಿಂಗ್ ಅಂದರೆ ‘ಆಪ್ತಸಮಾಲೋಚನೆ’. ನಾನಿಲ್ಲಿ ಹೇಳುತ್ತಿರುವುದು ಜಾತಿಯ ಅರಿವಿರುವ ಆಪ್ತಸಮಾಲೋಚನೆ. ಸರಳವಾಗಿ ಹೇಳುವುದಾದರೆ, ನಿಮ್ಮ ಸಂಕಟದ ಒಂದು ಪಾಲು ನಿಮ್ಮ ತಲೆಯೊಳಗಲ್ಲ, ಹೊರಗಿನ ವ್ಯವಸ್ಥೆಯಲ್ಲಿ ಹುಟ್ಟಿದೆ ಎಂದು ಒಪ್ಪಿಕೊಂಡು ಶುರುವಾಗುವ ಕೌನ್ಸೆಲಿಂಗ್. ಅಮೆರಿಕ, ಬ್ರಿಟನ್‌ನಲ್ಲಿ ಕಪ್ಪು ಸಮುದಾಯಗಳ ಜೊತೆ ಕೆಲಸ ಮಾಡುವವರು ಇದನ್ನೇ ಜನಾಂಗಭೇದ ವಿರೋಧಿ ಕೌನ್ಸೆಲಿಂಗ್ ಅನ್ನುತ್ತಾರೆ. ಬಂದವರ ಭಾಷೆ, ನಂಬಿಕೆ, ಕುಟುಂಬ, ಸಮುದಾಯವನ್ನು ಗೌರವದಿಂದ ತಿಳಿದುಕೊಳ್ಳುವುದು ಇದರ ಒಂದು ಭಾಗ. ಜನಾಂಗಭೇದವನ್ನು ಕಾಯಿಲೆಯ ಕಾರಣಗಳಲ್ಲಿ ಒಂದಾಗಿ ಎಣಿಸುವುದು ಇನ್ನೊಂದು. ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲದಿದ್ದರೆ ಅದು ಬರೀ ಸೌಜನ್ಯ.

ಇದು ಎಲ್ಲಿಂದ ಬಂತು?

ಮನೋವೈದ್ಯಕೀಯಕ್ಕೂ ಜನಾಂಗಭೇದಕ್ಕೂ ಹಳೇ ನಂಟಿದೆ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ‘ಡ್ರೇಪಟೋಮೇನಿಯಾ’ ಅನ್ನುವ ಹೊಸ ಕಾಯಿಲೆಯನ್ನು ಘೋಷಿಸಿದ. ಕಾಯಿಲೆಯ ಲಕ್ಷಣ ಏನು ಗೊತ್ತಾ? ಗುಲಾಮರು ಒಡೆಯನಿಂದ ತಪ್ಪಿಸಿಕೊಂಡು ಓಡಿಹೋಗುವುದು. ಸ್ವಾತಂತ್ರ್ಯ ಬೇಕು ಅನ್ನುವುದೇ ಹುಚ್ಚು ಎಂದು ವೈದ್ಯಕೀಯದ ಭಾಷೆಯಲ್ಲಿ ಬರೆದಿಟ್ಟಿದ್ದ.

ಇದಕ್ಕೆ ಉತ್ತರ ಕಪ್ಪು ಜನರೊಳಗಿನಿಂದಲೇ ಬಂತು. 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಃಶಾಸ್ತ್ರಜ್ಞ ದಂಪತಿ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಎರಡನ್ನೂ ಇಟ್ಟು ಯಾವುದು ಚೆಂದ ಎಂದು ಕೇಳಿದರು. ಬಹಳಷ್ಟು ಮಕ್ಕಳು ಬಿಳಿ ಗೊಂಬೆಯತ್ತ ಕೈ ತೋರಿಸಿದರು. ಶಾಲೆಗಳಲ್ಲಿ ಬಣ್ಣದ ಆಧಾರದ ಪ್ರತ್ಯೇಕತೆಯನ್ನು ರದ್ದುಮಾಡಿದ 1954ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ಬಗೆಯ ಸಂಶೋಧನೆಯ ಉಲ್ಲೇಖವಿದೆ. ಮಾರ್ಟಿನಿಕ್‌ನಲ್ಲಿ ಹುಟ್ಟಿದ ಮನೋವೈದ್ಯ ಫ್ರಾಂಟ್ಸ್ ಫಾನನ್ 1953ರಿಂದ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ, ವಸಾಹತು ಆಳ್ವಿಕೆ ಮನಸ್ಸನ್ನು ಹೇಗೆ ಮುರಿಯುತ್ತದೆ ಎಂದು ರೋಗಿಗಳ ನಡುವೆ ನಿಂತು ಬರೆದ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ 1968ರಲ್ಲಿ ಕಪ್ಪು ಮನಃಶಾಸ್ತ್ರಜ್ಞರು ತಮ್ಮದೇ ಪ್ರತ್ಯೇಕ ಸಂಘ ಕಟ್ಟಿಕೊಂಡರು. ಅಮೆರಿಕದ ಮುಖ್ಯವಾಹಿನಿಯ ಮನಃಶಾಸ್ತ್ರ ಸಂಘ ತಾನು ಜನಾಂಗಭೇದಕ್ಕೆ ಜೊತೆಯಾಗಿದ್ದಕ್ಕೆ ಅಧಿಕೃತವಾಗಿ ಕ್ಷಮೆ ಕೇಳಿದ್ದು 2021ರ ಅಕ್ಟೋಬರ್‌ನಲ್ಲಿ.

ನಮ್ಮ ದೇಶದ ಯಾವುದೇ ಮನೋವೈದ್ಯಕೀಯ ಸಂಘ ಜಾತಿಯ ವಿಷಯದಲ್ಲಿ ಅಂಥ ಕ್ಷಮೆ ಕೇಳಿದ ನೆನಪು ನನಗಿಲ್ಲ.

ಕಪ್ಪು ಜನರ ಅನುಭವವನ್ನು ಇಲ್ಲಿಗೆ ತರಬಹುದಾ?

ತರಬಹುದು, ಹುಷಾರಾಗಿ. ಈ ಹೋಲಿಕೆ ನಿನ್ನೆ ಮೊನ್ನೆಯದಲ್ಲ. 1946ರಲ್ಲೇ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಪತ್ರ ಬರೆದು, ಎರಡೂ ಸಮುದಾಯಗಳ ಸ್ಥಿತಿಯಲ್ಲಿರುವ ಸಾಮ್ಯದ ಬಗ್ಗೆ ಪ್ರಸ್ತಾಪಿಸಿದ್ದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ಹೆಸರನ್ನೇ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತೆಗೆದುಕೊಂಡಿತು.

ಆದರೆ ಒಂದು ವ್ಯತ್ಯಾಸ ಕೌನ್ಸೆಲಿಂಗ್ ಕೋಣೆಯಲ್ಲಿ ತುಂಬಾ ಮುಖ್ಯ. ಬಣ್ಣ ಕಣ್ಣಿಗೆ ಕಾಣುತ್ತದೆ. ಜಾತಿಯನ್ನು ಕೆದಕಿ ತಿಳಿಯುತ್ತಾರೆ. “ಯಾವೂರು? ಅಲ್ಲಿ ಯಾವ ಕಡೆ? ಅಪ್ಪ ಏನು ಮಾಡ್ತಾರೆ? ಮನೇಲಿ ನಾನ್‌ವೆಜ್ಜಾ?” ಯಶವಂತಪುರದಿಂದ ಮತ್ತಿಕೆರೆ, ಮಲ್ಲೇಶ್ವರಂವರೆಗೆ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆಪತ್ರಿಕೆ ಬಾಯಿಪಾಠ. ಹಾಗಾಗಿ ನಗರದ ದಲಿತ ಯುವಜನರ ತಲೆಯಲ್ಲಿ ಸದಾ ಒಂದು ಲೆಕ್ಕಾಚಾರ ಓಡುತ್ತಿರುತ್ತದೆ. ಎಷ್ಟು ಹೇಳಲಿ, ಎಷ್ಟು ಮುಚ್ಚಿಡಲಿ, ಗೊತ್ತಾದ ಮೇಲೆ ಇವನು ಊಟಕ್ಕೆ ಕರೀತಾನಾ? ಮುಚ್ಚಿಟ್ಟವರಿಗೆ ಸಿಕ್ಕಿಬೀಳುವ ಭಯ, ಹೇಳಿಕೊಂಡವರಿಗೆ ಮುಂದಿನ ಪ್ರತಿ ನೋಟವನ್ನೂ ತೂಗಿ ನೋಡುವ ಆಯಾಸ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಕಾರ್ಟರ್ 2007ರಲ್ಲಿ ಜನಾಂಗಭೇದದಿಂದಾಗುವ ಆಘಾತ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಾಗ ವಿವರಿಸಿದ ನಿದ್ರಾಭಂಗ, ಸದಾ ಎಚ್ಚರ, ಮರುಕಳಿಸುವ ನೆನಪುಗಳು ಇವರಲ್ಲೂ ಕಾಣುತ್ತವೆ.

‘ಇದೆಲ್ಲ ಬಡತನದ ಸಮಸ್ಯೆ, ಜಾತಿಯದ್ದಲ್ಲ’ ಅನ್ನುವವರಿಗೆ: ಆಶಿಶ್ ಗುಪ್ತಾ ಮತ್ತು ಡಯೇನ್ ಕಾಫಿ ಎಂಬ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ಪರಿಶಿಷ್ಟ ಜಾತಿಯವರು ಮತ್ತು ಮುಸ್ಲಿಮರು ಹೇಳಿಕೊಳ್ಳುವ ಮಾನಸಿಕ ಆರೋಗ್ಯ ಮೇಲ್ಜಾತಿ ಹಿಂದೂಗಳಿಗಿಂತ ಕೆಟ್ಟದಾಗಿದೆ. ಆಸ್ತಿ, ಶಿಕ್ಷಣದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಪೂರ್ತಿ ಅಳಿಸಿಹೋಗುವುದಿಲ್ಲ.

ಕನ್ನಡಕ್ಕೆ ಇದೇನೂ ಹೊಸ ಸಂಗತಿಯಲ್ಲ. ಅರವಿಂದ ಮಾಲಗತ್ತಿ ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟಾಗ, ಸಿದ್ಧಲಿಂಗಯ್ಯ ‘ಊರುಕೇರಿ’ ಬರೆದಾಗ ನಮ್ಮ ಸಾಹಿತ್ಯ ಈ ಮಾತನ್ನು ಆಡಿಯಾಗಿತ್ತು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಅವಮಾನದ ಅನುಭವವನ್ನು ಹತ್ತು ಜನರ ಮುಂದೆ ಎದ್ದು ಹೇಳಿಕೊಂಡು ಹಗುರಾದವರು ಸಾವಿರಾರು ಮಂದಿ. ಅದನ್ನು ಯಾರೂ ಥೆರಪಿ ಅಂತ ಕರೆಯಲಿಲ್ಲ, ಅಷ್ಟೇ.

ನಮ್ಮ ಉತ್ತರ ಬೆಂಗಳೂರಿನಲ್ಲಿ ಕಪ್ಪು ಜನ

ಜನಾಂಗಭೇದ ಅಮೆರಿಕದ ಕಾಯಿಲೆ ಅಂತ ಯಾರಾದರೂ ಅಂದುಕೊಂಡಿದ್ದರೆ ಹೆಸರಘಟ್ಟ ರಸ್ತೆಗೆ ಬನ್ನಿ. 2016ರ ಜನವರಿ 31ರ ರಾತ್ರಿ ಅಲ್ಲಿ ಸುಡಾನ್ ಮೂಲದ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಥಳಿಸಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ಇಬ್ಬರ ಬಣ್ಣ ಒಂದೇ ಆಗಿತ್ತು. 2021ರ ಆಗಸ್ಟ್‌ನಲ್ಲಿ, ಆರ್.ಟಿ. ನಗರದ ಪಕ್ಕದ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದ ಕಾಂಗೋ ದೇಶದ ಯುವಕನೊಬ್ಬ ಸತ್ತ. ಠಾಣೆಯ ಮುಂದೆ ಪ್ರತಿಭಟಿಸಿದ ಆಫ್ರಿಕನ್ನರ ಮೇಲೆ ಲಾಠಿ ಬೀಸಲಾಯಿತು.

ಇನ್ನು ನಮ್ಮವರೇ ಆದ ಸಿದ್ದಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಬದುಕಿರುವ, ಕನ್ನಡ, ಕೊಂಕಣಿ, ಮರಾಠಿ ಮಾತಾಡುವ ಆಫ್ರಿಕನ್ ಮೂಲದ ಜನ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಬೆಂಗಳೂರಿಗೆ ಓದಲು, ದುಡಿಯಲು ಬರುವ ಸಿದ್ದಿ ಹುಡುಗ ಹುಡುಗಿಯರಿಗೆ ಬಸ್ಸಿನಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಯಾವ ಕಂಟ್ರಿ?’ ಕನ್ನಡದಲ್ಲೇ ಉತ್ತರ ಕೊಟ್ಟರೆ ಸುತ್ತಲಿನವರು ನಗುತ್ತಾರೆ. ಬಣ್ಣ ಮತ್ತು ಬುಡಕಟ್ಟು ಎರಡರ ಭಾರವನ್ನೂ ಹೊತ್ತ ಇಂಥವರು ಕೌನ್ಸೆಲರ್ ಎದುರು ಕೂತಾಗ, ಎದುರಿನವರಿಗೆ ಸಿದ್ದಿಗಳು ಯಾರು ಅನ್ನುವುದಾದರೂ ಗೊತ್ತಿರಬೇಕಲ್ಲ? ಫೀಸು ಕೊಟ್ಟು ಬಂದವರೇ ಮೊದಲ ಅರ್ಧ ಗಂಟೆ ಇತಿಹಾಸದ ಪಾಠ ಮಾಡಬೇಕಾಗಿ ಬಂದರೆ ಅದಕ್ಕೆ ಚಿಕಿತ್ಸೆ ಅನ್ನಲಾಗದು.

ಕೋಣೆಯೊಳಗೆ ತಪ್ಪುವುದು ಎಲ್ಲಿ?

ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳ್ತೀನಿ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಗ್ರಾಹಕರು ದೋಷವೊಂದನ್ನು ವರದಿ ಮಾಡಿದಾಗ ಟೆಸ್ಟರ್ ತನ್ನ ಮಷೀನಿನಲ್ಲಿ ಅದನ್ನು ಮರುಸೃಷ್ಟಿ ಮಾಡಲು ನೋಡುತ್ತಾನೆ. ಆಗಲಿಲ್ಲ ಅಂದರೆ ‘ನಾಟ್ ರಿಪ್ರೊಡ್ಯೂಸಿಬಲ್’ ಎಂದು ಬರೆದು ದೂರನ್ನು ಮುಚ್ಚುತ್ತಾನೆ. ಟೆಸ್ಟರ್‌ನ ಮಷೀನು ಬೇರೆ, ಗ್ರಾಹಕರ ಮಷೀನು ಬೇರೆ ಅನ್ನುವುದು ಅವನಿಗೆ ಹೊಳೆಯುವುದಿಲ್ಲ. ‘ಇಲ್ಲಿ ಯಾರೂ ಜಾತಿ ನೋಡಲ್ಲ’ ಎಂದ ನಮ್ಮ ಕೌನ್ಸೆಲರ್ ಸುಳ್ಳು ಹೇಳಿರಲಿಲ್ಲ. ಅವರ ಮಷೀನಿನಲ್ಲಿ ಆ ದೋಷ ಯಾವತ್ತೂ ಕಾಣಿಸಿಕೊಂಡಿರಲಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು ನಾಲ್ಕು.

ಒಂದು, ನಿರಾಕರಣೆ. “ಅವರು ಆ ಅರ್ಥದಲ್ಲಿ ಹೇಳಿರಲಿಕ್ಕಿಲ್ಲ, ನೀನೇ ಜಾಸ್ತಿ ಯೋಚಿಸ್ತಿದೀಯ.” ಸಿಬಿಟಿ ಎಂಬ ಜನಪ್ರಿಯ ಥೆರಪಿ ಪದ್ಧತಿಯಲ್ಲಿ ನಮ್ಮ ಯೋಚನೆಗೆ ಪುರಾವೆ ಇದೆಯೇ ಎಂದು ಪರೀಕ್ಷಿಸಿ ನೋಡುವ ಕ್ರಮವಿದೆ. ಪರೀಕ್ಷೆಗೆ ಬಿದ್ದಿಲ್ಲ ಎಂಬ ಭಯ ಇರುವವರಿಗೆ ಅದು ಉಪಯುಕ್ತ. ಆದರೆ ಹಾಸ್ಟೆಲಿನಲ್ಲಿ ತಟ್ಟೆ ಬೇರೆ ಇಟ್ಟದ್ದು ಯೋಚನೆಯ ದೋಷವಲ್ಲ, ನಡೆದ ಸಂಗತಿ. ಪುರಾವೆಯನ್ನು ಪರೀಕ್ಷಿಸದೆಯೇ ಯೋಚನೆಯನ್ನು ತಿದ್ದಲು ಹೋದರೆ ಆ ಪದ್ಧತಿಗೂ ಅನ್ಯಾಯ, ಬಂದವರಿಗೂ ಅನ್ಯಾಯ.

ಎರಡು, ಸದ್ಗುಣದ ಪಾಠ. ಕ್ಷಮಿಸು, ಮರೆತುಬಿಡು, ಧ್ಯಾನ ಮಾಡು, ಕರ್ಮ. ಯಾವ ಕರ್ಮದ ಸಿದ್ಧಾಂತ ನಿಮ್ಮ ಅಜ್ಜನನ್ನು ಊರ ಹೊರಗಿಟ್ಟಿತೋ ಅದನ್ನೇ ಔಷಧಿ ಅಂತ ಕೊಟ್ಟರೆ ಹೇಗೆ ನುಂಗೋದು?

ಮೂರು, ಸ್ಫೂರ್ತಿಯ ಭಾಷಣ. “ಅಂಬೇಡ್ಕರ್ ಎಷ್ಟು ಕಷ್ಟ ಪಟ್ಟರು, ನೀನೂ ಗಟ್ಟಿಯಾಗು.” ಹತ್ತೊಂಬತ್ತು ವರ್ಷದ ಹುಡುಗಿಗೆ ಸುಸ್ತಾಗುವ, ಅಳುವ, ಒಂದು ಸಬ್ಜೆಕ್ಟಿನಲ್ಲಿ ಫೇಲಾಗುವ ಹಕ್ಕೂ ಇರಬೇಕು.

ನಾಲ್ಕು, ಎಲ್ಲವನ್ನೂ ಜಾತಿಗೇ ಕಟ್ಟುವುದು. ಇದು ಒಳ್ಳೆಯ ಉದ್ದೇಶದವರು ಮಾಡುವ ತಪ್ಪು. ದಲಿತ ಹುಡುಗನಿಗೂ ಬ್ರೇಕಪ್ ಆಗುತ್ತದೆ, ಅಪ್ಪನ ಜೊತೆ ಜಗಳ ಇರುತ್ತದೆ, ಥೈರಾಯ್ಡ್ ಇರುತ್ತದೆ. ಬಂದವರು ಯಾವುದನ್ನು ಮುಂದಿಡುತ್ತಾರೋ ಅದನ್ನು ಕೇಳಿಸಿಕೊಳ್ಳಬೇಕು. ಜಾತಿಯ ಮಾತಿಗೆ ಬಾಗಿಲು ತೆರೆದಿಡಬೇಕೇ ಹೊರತು ಒಳಗೆ ತಳ್ಳಬಾರದು.

ಹಾಗಾದರೆ ಸರಿಯಾದದ್ದು ಹೇಗಿರುತ್ತದೆ?

ಜಾತಿಯ ಅರಿವಿರುವ ಕೌನ್ಸೆಲರ್ ಮೊದಲು ನಡೆದದ್ದನ್ನು ನಡೆದದ್ದು ಎಂದು ಒಪ್ಪುತ್ತಾರೆ. “ಅದು ಅವಮಾನವೇ. ಸಿಟ್ಟು ಬಂದದ್ದು ಸಹಜ.” ಈ ಎರಡು ವಾಕ್ಯಗಳಿಗೆ ಇರುವ ಶಕ್ತಿ ಕೇಳಿಸಿಕೊಂಡವರಿಗೇ ಗೊತ್ತು. ಆಮೇಲೆ ಅವಮಾನದ ಘಟನೆಯನ್ನೂ ‘ನಾನು ಲಾಯಕ್ಕಿಲ್ಲ’ ಎಂಬ ತೀರ್ಮಾನವನ್ನೂ ಬಿಡಿಸಿ ಬೇರೆ ಬೇರೆ ಇಡಲು ಸಹಾಯ ಮಾಡುತ್ತಾರೆ. ಮೊದಲನೆಯದು ಬೇರೆಯವರು ಮಾಡಿದ್ದು, ಎರಡನೆಯದು ನಾವು ನಮ್ಮ ಮೇಲೆ ಹೊರಿಸಿಕೊಂಡದ್ದು. ಮೂರನೆಯದಾಗಿ ಆಯ್ಕೆಗಳನ್ನು ಮುಂದಿಡುತ್ತಾರೆ: ದೂರು ಕೊಡಬೇಕಾ, ಕೊಟ್ಟರೆ ಏನಾಗಬಹುದು, ಜೊತೆಗೆ ಯಾರಿದ್ದಾರೆ, ಸದ್ಯಕ್ಕೆ ಸುಮ್ಮನಿದ್ದು ಡಿಗ್ರಿ ಮುಗಿಸುವುದೇ ಬುದ್ಧಿವಂತಿಕೆಯಾ. ತೀರ್ಮಾನ ಬಂದವರದ್ದೇ. ಕೊನೆಯದಾಗಿ ಸಮುದಾಯದ ಬಲವನ್ನು ಎಣಿಕೆಗೆ ತೆಗೆದುಕೊಳ್ಳುತ್ತಾರೆ. ಅಂಬೇಡ್ಕರ್ ಸ್ಟಡಿ ಸರ್ಕಲ್, ಬೌದ್ಧ ವಿಹಾರ, ತಮಟೆ ತಂಡ, ಅಜ್ಜಿಯ ಕತೆ, ಸಿದ್ದಿಗಳಾದರೆ ಡಮಾಮಿ ಕುಣಿತ, ಇವೆಲ್ಲ ಮನಸ್ಸನ್ನು ಎತ್ತಿ ನಿಲ್ಲಿಸುವ ಆಸರೆಗಳೇ.

ಭಾಷೆ ಇದರಲ್ಲಿ ದೊಡ್ಡ ವಿಷಯ. ಬೆಂಗಳೂರಿನ ಥೆರಪಿ ಮಾರುಕಟ್ಟೆ ಬಹುಪಾಲು ಇಂಗ್ಲಿಷ್ ಮಾತಾಡುತ್ತದೆ. ‘ಆಂಗ್ಸೈಟಿ’ ಅಂದರೆ ಅರ್ಥವಾಗುವ ಕೌನ್ಸೆಲರ್‌ಗೆ ‘ಎದೆ ಧಸಕ್ ಅಂತದೆ’, ‘ಜೀವ ಚುರುಕ್ ಅಂತು’, ‘ನಾಲ್ಕು ಜನರ ಎದುರು ಕುಗ್ಗಿಹೋದೆ’ ಅಂದರೆ ಅಷ್ಟೇ ಆಳವಾಗಿ ಅರ್ಥವಾಗಬೇಕು. ‘ಶೇಮ್’ ಮತ್ತು ‘ಅವಮಾನ’ ಒಂದೇ ಅಲ್ಲ. ಮೊದಲನೆಯದು ನನ್ನೊಳಗೆ ಹುಟ್ಟುವ ನಾಚಿಕೆ. ಎರಡನೆಯದನ್ನು ಯಾರೋ ಒಬ್ಬರು ಮಾಡಿರುತ್ತಾರೆ. ಈ ವ್ಯತ್ಯಾಸವನ್ನು ಕನ್ನಡವೇ ಹೇಳಿಕೊಡುತ್ತದೆ, ಬಳಸಿಕೊಳ್ಳುವವರು ಬೇಕು.

ದೇಶದಲ್ಲಿ ಈ ದಿಕ್ಕಿನ ಕೆಲಸ ಚಿಕ್ಕದಾಗಿಯಾದರೂ ಶುರುವಾಗಿದೆ. ದಿವ್ಯಾ ಕಂಡುಕುರಿ ಕಟ್ಟಿದ ‘ದಿ ಬ್ಲೂ ಡಾನ್’ ಬಹುಜನ ಸಮುದಾಯದವರಿಗೆ ಮಾನಸಿಕ ಆರೋಗ್ಯದ ನೆರವು ಸಿಗಬೇಕೆಂದು ಹುಟ್ಟಿಕೊಂಡ ಬಳಗ. ಮುಂಬೈಯ ಮರಿವಾಲಾ ಹೆಲ್ತ್ ಇನಿಷಿಯೇಟಿವ್ ಅಂಚಿನ ಸಮುದಾಯಗಳನ್ನು ಕೇಂದ್ರದಲ್ಲಿಟ್ಟು ಕೌನ್ಸೆಲರ್‌ಗಳ ತರಬೇತಿಗೆ, ಇಂಥ ಸಂಘಟನೆಗಳಿಗೆ ಬೆಂಬಲ ಕೊಡುತ್ತಿದೆ.

ಕೆಲವು ಆಕ್ಷೇಪಗಳು

*ಕೌನ್ಸೆಲರ್ ಕೂಡ ದಲಿತರೇ ಆಗಿರಬೇಕಾ?* ಆಗಿದ್ದರೆ ಹಲವರಿಗೆ ಬಾಯಿ ಬಿಚ್ಚುವುದು ಸುಲಭ. ಆದರೆ ಅದೊಂದೇ ಅರ್ಹತೆ ಅಲ್ಲ. ಕಲಿತ, ತನ್ನ ಜಾತಿಯ ಸವಲತ್ತನ್ನು ಒಪ್ಪಿಕೊಂಡ ಬೇರೆ ಜಾತಿಯವರೂ ಈ ಕೆಲಸ ಮಾಡಬಲ್ಲರು. ತನ್ನ ಜಾತಿಯನ್ನೇ ಮುಚ್ಚಿಟ್ಟು ಹೆದರಿಕೆಯಲ್ಲಿರುವ ದಲಿತ ಕೌನ್ಸೆಲರ್‌ಗೆ ಅದು ಕಷ್ಟವೂ ಆಗಬಹುದು. ಆದರೆ ಮನೋವೈದ್ಯಕೀಯ, ಕ್ಲಿನಿಕಲ್ ಸೈಕಾಲಜಿ ಕೋರ್ಸುಗಳಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಹೆಚ್ಚದೆ ಆಯ್ಕೆ ಎಂಬುದೇ ಇರುವುದಿಲ್ಲ.

*ಥೆರಪಿಗೆ ರಾಜಕೀಯ ತರ್ತಿದೀರಲ್ಲ?* ರಾಜಕೀಯ ಆಗಲೇ ಒಳಗಿದೆ. ‘ಅದನ್ನೆಲ್ಲ ತಲೆಗೆ ಹಚ್ಕೋಬೇಡ’ ಅನ್ನುವುದೂ ಒಂದು ನಿಲುವೇ.

*ಹಾಗಾದರೆ ಮಾತ್ರೆ ಬೇಡವಾ?* ಬೇಕಿದ್ದರೆ ಬೇಕು. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾ ಇದ್ದವರಿಗೆ ಔಷಧಿ ಜೀವ ಉಳಿಸುತ್ತದೆ. ಕಾರಣ ಸಾಮಾಜಿಕವಾದರೂ ಹಾನಿ ದೇಹಕ್ಕೇ ಆಗಿರುತ್ತದೆ. ಹೊಗೆಯಿಂದ ಶ್ವಾಸಕೋಶ ಕೆಟ್ಟವರಿಗೆ ಹೊಗೆಯ ಬಗ್ಗೆ ಮಾತಾಡಿ ಇನ್‌ಹೇಲರ್ ಕೊಡದೆ ಕಳಿಸಲಾಗುವುದಿಲ್ಲ.

*ಕೌನ್ಸೆಲಿಂಗ್‌ನಿಂದ ಜಾತಿ ಹೋಗುತ್ತಾ?* ಇಲ್ಲ. ನನಗಿರುವ ದೊಡ್ಡ ಅನುಮಾನವೇ ಇದು. ರೋಹಿತ್ ವೇಮುಲ 2016ರ ಜನವರಿಯಲ್ಲಿ, ಡಾ. ಪಾಯಲ್ ತಡ್ವಿ 2019ರ ಮೇನಲ್ಲಿ ನಮ್ಮನ್ನು ಬಿಟ್ಟುಹೋದ ಮೇಲೆ ಹಲವು ಸಂಸ್ಥೆಗಳಿಗೆ ಕೌನ್ಸೆಲಿಂಗ್ ಸೆಂಟರ್ ತೆರೆಯುವುದು ಸುಲಭದ ಉತ್ತರವಾಗಿ ಕಂಡಿತು. ಕಿರುಕುಳ ಕೊಟ್ಟವರನ್ನು ಬಿಟ್ಟು ಕಿರುಕುಳಕ್ಕೆ ಒಳಗಾದವರನ್ನು ಸರಿಪಡಿಸಲು ಹೊರಟರೆ ಅದು ನ್ಯಾಯದ ತಲೆಕೆಳಗು ರೂಪ. ದೂರು ಪರಿಹಾರ ವ್ಯವಸ್ಥೆ ಪಕ್ಕದಲ್ಲಿ ಗಟ್ಟಿಯಾಗಿದ್ದರೆ ಮಾತ್ರ ಕೌನ್ಸೆಲಿಂಗ್‌ಗೆ ಅರ್ಥ.

ಕಾನೂನು ಏನು ಹೇಳುತ್ತದೆ?

2018ರ ಮೇನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 18ನೇ ಸೆಕ್ಷನ್ ಪ್ರತಿಯೊಬ್ಬರಿಗೂ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆಯ ಹಕ್ಕು ಕೊಡುತ್ತದೆ. ಲಿಂಗ, ಲೈಂಗಿಕತೆ, ಧರ್ಮ, ಸಂಸ್ಕೃತಿ, ಜಾತಿ, ವರ್ಗ, ರಾಜಕೀಯ ನಂಬಿಕೆ, ಅಂಗವೈಕಲ್ಯದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಒಬ್ಬರ ಸಾಮಾಜಿಕ ಸ್ಥಾನಮಾನವನ್ನೋ, ಅವರು ಯಾವ ಸಾಂಸ್ಕೃತಿಕ, ಜನಾಂಗೀಯ, ಧಾರ್ಮಿಕ ಗುಂಪಿಗೆ ಸೇರಿದವರು ಎಂಬುದನ್ನೋ ಆಧಾರ ಮಾಡಿಕೊಂಡು ಮಾನಸಿಕ ಕಾಯಿಲೆ ಇದೆ ಎಂದು ನಿರ್ಧರಿಸುವಂತಿಲ್ಲ ಎನ್ನುತ್ತದೆ 3ನೇ ಸೆಕ್ಷನ್. ಕಾರ್ಟ್‌ರೈಟ್‌ನಂಥವರಿಗೆ ನಮ್ಮ ಕಾನೂನು ಹಾಕಿದ ಬೇಲಿ ಇದು. 23ನೇ ಸೆಕ್ಷನ್ ಗೌಪ್ಯತೆಯ ಹಕ್ಕು ಕೊಡುತ್ತದೆ.

ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನ ಅವಕಾಶ ಘಟಕ ಮತ್ತು ತಾರತಮ್ಯ ತಡೆ ಅಧಿಕಾರಿ ಇರಬೇಕು ಎಂದು ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ನಿಮ್ಮ ಕಾಲೇಜಿನ ಆ ಅಧಿಕಾರಿಯ ಹೆಸರು ನಿಮಗೆ ಗೊತ್ತಾ? ಆ ನಿಯಮ ಜಾರಿಯಾಗುತ್ತಿಲ್ಲ ಎಂದೇ ರೋಹಿತ್ ಮತ್ತು ಪಾಯಲ್ ಅವರ ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆಗಾಗಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ನೇತೃತ್ವದ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. 2025ರ ಜುಲೈನ ತೀರ್ಪೊಂದರಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರು ಇರಬೇಕು ಎಂದಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಜೊತೆ ತಾರತಮ್ಯವಿಲ್ಲದೆ, ಸೂಕ್ಷ್ಮವಾಗಿ ನಡೆದುಕೊಳ್ಳಲು ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂಬುದೂ ಆ ಮಾರ್ಗಸೂಚಿಯಲ್ಲಿದೆ.

ಕರ್ನಾಟಕದಲ್ಲಿ ರೋಹಿತ್ ವೇಮುಲ ಹೆಸರಿನ ಕಾಯ್ದೆ ತರಬೇಕೆಂದು ರಾಹುಲ್ ಗಾಂಧಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಪತ್ರ ಬರೆದದ್ದು 2025ರ ಏಪ್ರಿಲ್‌ನಲ್ಲಿ. ಅಂಥ ಕಾಯ್ದೆಯ ಚರ್ಚೆ ಎಲ್ಲಿ ನಡೆದರೂ ನಾವು ಕೇಳಬೇಕಾದ ಪ್ರಶ್ನೆ: ಶಿಕ್ಷೆಯ ಕಲಮುಗಳ ಜೊತೆ, ಜಾತಿಯ ಅರಿವಿರುವ ಕೌನ್ಸೆಲರ್‌ಗಳ ನೇಮಕ ಮತ್ತು ತರಬೇತಿಯ ಕಲಮು ಇದೆಯಾ?

ಎಲ್ಲಿ ಹೋಗಬೇಕು, ಏನು ಕೇಳಬೇಕು?

ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಮುಂದಾಳತ್ವದ ರಾಷ್ಟ್ರೀಯ ಸಹಾಯವಾಣಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಬರಹ ಇಲ್ಲಿಗೇ ನಿಲ್ಲಿಸಿ, ಮೊದಲು ಫೋನ್ ಮಾಡಿ, ನಂಬುವ ಒಬ್ಬರನ್ನು ಪಕ್ಕಕ್ಕೆ ಕರೆದುಕೊಳ್ಳಿ.

ಖಾಸಗಿ ಥೆರಪಿಗೆ ಬೆಂಗಳೂರಿನಲ್ಲಿ ಒಂದು ಸೆಷನ್‌ಗೆ ಸಾವಿರ ರೂಪಾಯಿ ದಾಟುವುದು ಮಾಮೂಲು. ಕೊಡಲಾಗದವರಿಗೆ ನಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗ ಇವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ದೇಶದಾದ್ಯಂತ ನಡೆಯುತ್ತಿರುವ ಯೋಜನೆಯ ಮೂಲ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. ಫೀಸು ಕಮ್ಮಿ ಮಾಡ್ತೀರಾ ಎಂದು ಖಾಸಗಿಯವರನ್ನು ಕೇಳಲು ಸಂಕೋಚ ಬೇಡ, ಕೆಲವರು ಆದಾಯಕ್ಕೆ ತಕ್ಕಂತೆ ತೆಗೆದುಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು, ಆ ಸಂಖ್ಯೆ ಕೇಳುವ ಹಕ್ಕು ನಿಮ್ಮದು.

ಜಾತಿ ನಿಂದನೆ, ದೌರ್ಜನ್ಯ ಆಗಿದ್ದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯ ವಿಷಯವೂ ಹೌದು. ಅದಕ್ಕೆ ರಾಷ್ಟ್ರೀಯ ಸಹಾಯವಾಣಿ 14566.

ಮೊದಲ ಭೇಟಿಯಲ್ಲೇ ಕೌನ್ಸೆಲರ್‌ಗೆ ಕೇಳಬಹುದಾದ ಪ್ರಶ್ನೆಗಳು:

– ದಲಿತ, ಆದಿವಾಸಿ, ಅಲ್ಪಸಂಖ್ಯಾತ ಸಮುದಾಯದವರ ಜೊತೆ ಈ ಮೊದಲು ಕೆಲಸ ಮಾಡಿದ್ದೀರಾ?
– ಜಾತಿ ಒಬ್ಬರ ಮಾನಸಿಕ ಆರೋಗ್ಯಕ್ಕೆ ಹೇಗೆ ಸಂಬಂಧಿಸುತ್ತದೆ ಅಂತ ನಿಮ್ಮ ಅಭಿಪ್ರಾಯ?
– ನಾನು ಕನ್ನಡದಲ್ಲೇ ಮಾತಾಡಬಹುದಾ?
– ನಾನು ಹೇಳಿದ್ದು ಕಾಲೇಜಿಗೆ ಅಥವಾ ಕಂಪನಿಯ ಎಚ್‌ಆರ್‌ಗೆ ಹೋಗುತ್ತಾ? ಯಾವ ಸಂದರ್ಭದಲ್ಲಿ ಹೋಗುತ್ತದೆ?

ಉತ್ತರದ ಮಾತಿಗಿಂತ ಮುಖ ನೋಡಿ. ಪ್ರಶ್ನೆಗೆ ಮುನಿಸಿಕೊಂಡರೆ, ‘ಮೀಸಲಾತಿ ಸಿಕ್ಕಿದೆಯಲ್ಲ, ಇನ್ನೇನು’ ಅಂದರೆ, ಎದ್ದು ಬನ್ನಿ. ಮೊದಲ ಕೌನ್ಸೆಲರ್ ಸರಿಹೋಗಲಿಲ್ಲ ಅಂದರೆ ಕೌನ್ಸೆಲಿಂಗೇ ನಮಗಲ್ಲ ಅಂತಲ್ಲ. ಈ ಮಾತು ನನಗೆ ನಾನೇ ಹೇಳಿಕೊಳ್ಳಲು ಹನ್ನೊಂದು ವರ್ಷ ಬೇಕಾಯಿತು.

2019ರಲ್ಲಿ ಎರಡನೇ ಸಲ ಹೋದೆ, ಬೇರೆಯವರ ಹತ್ತಿರ. ನೋಟಿಸ್ ಬೋರ್ಡಿನ ಕತೆ ಹೇಳಿ ಮುಗಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಆ ಪಟ್ಟಿಯನ್ನು ಅಲ್ಲಿ ಅಂಟಿಸಿದ್ದು ಯಾರು?” ಅಷ್ಟು ವರ್ಷ ನಾನು ಕೇಳಿಕೊಂಡಿದ್ದು ನನ್ನ ಹೆಸರು ಆ ಪಟ್ಟಿಯಲ್ಲಿ ಯಾಕಿತ್ತು ಅಂತ. ಯಾರು ಅಂಟಿಸಿದ್ದು ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಅವತ್ತು ಮೆಟ್ರೋ ಹತ್ತದೆ ಯಶವಂತಪುರದವರೆಗೆ ನಡೆದುಕೊಂಡೇ ಬಂದೆ. ಯಾರ್ಡಿನ ಗೇಟಿನ ಹತ್ತಿರ ನಿಂತು ರಾಯಚೂರಿನ ಗೆಳೆಯನ ಹಳೇ ನಂಬರಿಗೆ ಫೋನ್ ಮಾಡಿದೆ. ಅದು ಚಾಲ್ತಿಯಲ್ಲಿರಲಿಲ್ಲ. ಈಗಲೂ ಹುಡುಕುತ್ತಿದ್ದೇನೆ. ಸಿಕ್ಕರೆ ಆ ಪ್ರಶ್ನೆಯನ್ನು ಅವನಿಗೂ ದಾಟಿಸಬೇಕು.